ಅಪ್‌ಡೇಟ್: ಕೋರ್ಸೇರ್ ಪ್ರೊಪೆಲ್ಲರ್ ಫೋಟೋದಲ್ಲಿ ಈಗ ತಿರುಗ್ತಿದೆ!

ಹಾರುತ್ತಿರುವ ಕೋರ್ಸೇರ್‌ನ (ಎರಡನೇ ಮಹಾಯುದ್ಧದ ಕಾಲದ ಅಮೆರಿಕನ್ ಯುದ್ಧವಿಮಾನ) ಪ್ರೊಪೆಲ್ಲರ್ ಫೋಟೋದಲ್ಲಿ ನಿಂತುಹೋದ ಹಾಗೆ ಕಾಣುತ್ತೆ, ಏನು ಮಾಡಲಿ ಅಂತ ಕೇಳಿದ್ದೆನಲ್ಲ? ಶಟರ್ ಸ್ಪೀಡ್ 1/125 ಸೆಕೆಂಡಿಗೆ ಇಳಿಸಿ ಅಂದಿದ್ದಿರಿ, ಕೆಲಸ ಮಾಡಿತು. ಇದರ ಗೇರ್ 2:1, ಹಾಗಾಗಿ ಟೇಕಾಫ್‌ನಲ್ಲಿ ಎಂಜಿನ್ ನಿಮಿಷಕ್ಕೆ 2700 ಸುತ್ತು ಹೊಡೆದರೂ ಪ್ರೊಪೆಲ್ಲರ್ ಸುತ್ತುವುದು 1350 ಸಲ ಅಷ್ಟೇ, ಅಂದರೆ 1/125ರಲ್ಲಿ ಬ್ಲೇಡ್ ಸುಮಾರು 65 ಡಿಗ್ರಿ ಸರಿಯುತ್ತೆ, ಬ್ಲರ್ ಚೆನ್ನಾಗಿ ಬರುತ್ತೆ. ವಿಮಾನ ನೆಲದ ಮೇಲೆ ನಿಧಾನಕ್ಕೆ ಸಾಗುವಾಗ (ಟ್ಯಾಕ್ಸಿ) ಪ್ರೊಪೆಲ್ಲರ್ ಇನ್ನೂ ನಿಧಾನ, ಅದೂ ಸಾಲದು, 1/60 ಬೇಕು. ಕೈ ಅಲುಗಿ ಎಷ್ಟೋ ಫೋಟೋ ಹಾಳಾದವು, ಇರಲಿ.

ನಿಜವಾದ ತಲೆನೋವು ಆ ಕಡುನೀಲಿ ಬಣ್ಣ. ಆಕಾಶ ಬೆಳ್ಳಗಿದ್ದರೆ ವಿಮಾನ ಬರೀ ಕಪ್ಪು ಮುದ್ದೆ! ಫೋಟೋ ಬೆಳ್ಳಗಾಗಲಿ ಅಂತ ಎಕ್ಸ್‌ಪೋಷರ್ +1 ಇಟ್ಟ ಮೇಲೆ ಎಂಜಿನ್ ಹಿಂದೆ ಇಳಿದ ಎಣ್ಣೆ ಗೆರೆ ಕೂಡ ಕಂಡಿತು. ಪ್ರೊಪೆಲ್ಲರ್ ವಿಷಯದಲ್ಲಿ ಐದು ಬ್ಲೇಡಿನ ಸೀ ಫ್ಯೂರಿ (ಬ್ರಿಟಿಷ್ ಯುದ್ಧವಿಮಾನ) ಸುಲಭ, 1/200 ಇಟ್ಟರೂ ನಡೆಯುತ್ತೆ.