ಪೂಜೆ ಮುಗಿದ ಮೇಲೆ ನಾವು ಏನು ಮಾಡಬಹುದು?

ಪ್ರಶ್ನೆ:
ಮಂಗಳೂರಿನ ನಮ್ಮ ಚರ್ಚಿನ ವಾರ್ಡಿನಲ್ಲಿ ಒಂಟಿಯಾಗಿರುವ ಹಿರಿಯರು ಜಾಸ್ತಿ, ಮಕ್ಕಳೆಲ್ಲ ಗಲ್ಫ್‌ನಲ್ಲೋ ಬೆಂಗಳೂರಿನಲ್ಲೋ ಇದ್ದಾರೆ. ಭಾನುವಾರ ಪೂಜೆ ಕೇಳಿ ಸುಮ್ನೆ ಮನೆಗೆ ಬಂದುಬಿಡುವುದು ಸರಿ ಅನಿಸುತ್ತಿಲ್ಲ. ನಾಲ್ಕೈದು ಜನ ಯುವಕರಿದ್ದೇವೆ, ದುಡ್ಡಿಲ್ಲ. ಎಲ್ಲಿಂದ ಶುರು ಮಾಡೋದು?

ಉತ್ತರ 1:
ಮೊದಲು ಮನೆಗೆ ಹೋಗಿ, ದುಡ್ಡು ಆಮೇಲೆ. ಬಡವರಿಗೆ ನೆರವಾಗುವ ಕ್ಯಾಥೊಲಿಕ್ ಸಂಘಟನೆ ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆ ಶುರುವಾದದ್ದೂ ಹೀಗೇ. 1833ರಲ್ಲಿ ಪ್ಯಾರಿಸ್‌ನಲ್ಲಿ 20 ವರ್ಷದ ವಿದ್ಯಾರ್ಥಿ ಫ್ರೆಡರಿಕ್ ಒಝನಾಂ ಮತ್ತು ಅವರ ಗೆಳೆಯರು ಬಡವರ ಮನೆಗಳಿಗೆ ಹೋಗತೊಡಗಿದರು, ದಾರಿ ತೋರಿಸಿದವರು ಆ ಬಡಾವಣೆಯನ್ನು ಚೆನ್ನಾಗಿ ಬಲ್ಲ ಸಿಸ್ಟರ್ ರೊಸಾಲಿ. ಇಬ್ಬಿಬ್ಬರಾಗಿ ಹೋಗಿ.

ಉತ್ತರ 2:
ನಾನು ನರ್ಸ್. ಹೋದಾಗ ಮಾತ್ರೆ ಡಬ್ಬಿ ನೋಡಿ. ಬೆಳಗಿನದು, ರಾತ್ರಿಯದು ಎಲ್ಲ ಒಂದೇ ಡಬ್ಬಿಯಲ್ಲಿ, ಸ್ಟ್ರಿಪ್ ಕತ್ತರಿಸಿ ಹೆಸರೂ ಕಾಣದ ಹಾಗೆ ಇರುತ್ತದೆ. ಅವರ ಹತ್ತಿರ ಕೂತು, ಡಾಕ್ಟರ ಚೀಟಿ ನೋಡಿಕೊಂಡು ಬೇರೆ ಬೇರೆ ಮಾಡಿ, ದೊಡ್ಡ ಅಕ್ಷರದಲ್ಲಿ ಬರೆದಿಡಿ. ಸಂಶಯ ಬಂದರೆ ಡಾಕ್ಟರನ್ನೇ ಕೇಳಿ. ಬಚ್ಚಲಲ್ಲಿ ಪಾಚಿ ಇದ್ದರೆ ಉಜ್ಜಿ ಕೊಡಿ. ಸರ್ಕಾರಿ ಪಿಂಚಣಿ ಬರುವವರಿಗೆ ನವೆಂಬರ್‌ನಲ್ಲಿ ಜೀವನ ಪ್ರಮಾಣ ಪತ್ರದ (ಬದುಕಿದ್ದೇವೆ ಅಂತ ತೋರಿಸುವ ದಾಖಲೆ) ಕೆಲಸ ಇರುತ್ತದೆ, ಮೊಬೈಲ್‌ನಲ್ಲೇ ಆಗುತ್ತದೆ, ನಿಮಗದು ಸುಲಭ ಅಲ್ವಾ? ಚಳಿಯಲ್ಲಿ ನಡುಗುವವನಿಗೆ ಬರೀ ಒಳ್ಳೆಯ ಮಾತು ಹೇಳಿ ಕಳಿಸಿದರೆ ಏನು ಪ್ರಯೋಜನ ಅಂತ ಬೈಬಲ್‌ನ ಯಾಕೋಬನ ಪತ್ರಿಕೆ ಕೇಳುವುದು ಇದನ್ನೇ.

ಉತ್ತರ 3:
ಒಂದು ಮಾತು. ನಮ್ಮವರ ಮನೆಗೆ ಮಾತ್ರ ಹೋಗಬೇಡಿ, ಪಕ್ಕದ ಮನೆಯ ಅಜ್ಜಿ ಯಾರೇ ಆಗಿರಲಿ, ಕದ ತಟ್ಟಿ. ಕಂಕನಾಡಿಯಲ್ಲಿ 1880ರಲ್ಲಿ ಫಾದರ್ ಮುಲ್ಲರ್ ಆಲದ ಮರದ ಕೆಳಗೆ ಹೋಮಿಯೋಪಥಿ ಔಷಧಿ ಹಂಚಿದ್ದು, ಆಮೇಲೆ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದ್ದು ನಮ್ಮೂರಲ್ಲೇ. ಮತ್ತೆ ದಯವಿಟ್ಟು ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಬೇಡಿ, ಅವರಿಗೂ ಮಾನ ಇದೆ.