ದಾರದಾಟದ ವಿಡಿಯೋ, ಮನೆ ಗ್ರೂಪಲ್ಲಿ

ಶೇಖರ್ ಮಾವ: ಎಲ್ಲರೂ ಈ ವಿಡಿಯೋ ನೋಡಿ. ಪಾಪುವಾ ನ್ಯೂಗಿನಿ ಕಾಡಲ್ಲಿರೋ ಅವಿಯಕಾಯ್ ಅನ್ನೋ ಜನ ಬೆರಳಿಗೆ ದಾರ ಸಿಕ್ಕಿಸಿ ಮಾಡ್ತಿರೋ ಚಿತ್ರಗಳು ನಮ್ಮ ಪೂಜೆಯ ಯಂತ್ರದ ರೇಖೆಗಳೇ!! ಸಾವಿರಾರು ವರ್ಷದ ಹಿಂದೆ ಇಲ್ಲಿಂದ ಹೋದ ವಿದ್ಯೆ. ಎಲ್ಲ ಗ್ರೂಪಿಗೂ ಕಳಿಸಿ 🙏

ವೀಣತ್ತೆ: ಅಯ್ಯೋ ಎಷ್ಟು ಚೆನ್ನಾಗಿದೆ, ನಾವೂ ಚಿಕ್ಕವರಿದ್ದಾಗ ಆಡ್ತಿದ್ವಲ್ಲ, ಒಬ್ರ ಕೈಯಿಂದ ಇನ್ನೊಬ್ರು ಎತ್ಕೊಳ್ಳೋದು

ನಾನು: ಮಾವ ವಿಡಿಯೋ ತುಂಬಾ ಚೆನ್ನಾಗಿದೆ ಆದ್ರೆ ಕೆಳಗಿರೋ ಬರಹ ಸರಿಯಿಲ್ಲ, ದಯವಿಟ್ಟು ಹಂಗೇ ಮುಂದಕ್ಕೆ ಕಳಿಸಬೇಡಿ. ಅವಿಯಕಾಯ್ ಅಂದ್ರೆ ಸುಮಾರು 300 ಜನ ಅಷ್ಟೇ, ಈಸ್ಟ್ ಸೆಪಿಕ್ ಪ್ರಾಂತ್ಯದಲ್ಲಿ ಕಂಜಿಮೆಯ್ ಅಂತ ಒಂದೇ ಊರು ಅವರದು. ಅಷ್ಟು ಜನರ ಕೈಯಲ್ಲಿರೋದನ್ನೂ ನಮ್ಮದು ಅಂದ್ಬಿಟ್ರೆ ಅವರಿಗೆ ಅಂತ ಏನು ಉಳೀತು ಹೇಳಿ

ಶೇಖರ್ ಮಾವ: ಹೋಲಿಕೆ ಕಣ್ಣಿಗೇ ಕಾಣ್ತಿದೆಯಲ್ಲಮ್ಮ. ತ್ರಿಕೋನ, ವಜ್ರದ ಆಕಾರ ಎಲ್ಲಾ ಇದೆ.

ನಾನು: ದಾರದ ಎರಡು ತುದಿ ಗಂಟು ಹಾಕಿ ಬೆರಳಿಗೆ ಸಿಕ್ಕಿಸಿ ಎಳೆದ್ರೆ ಯಾವ ದೇಶದಲ್ಲಾದ್ರೂ ತ್ರಿಕೋನ ಬಂದೇ ಬರುತ್ತೆ ಮಾವ, ಬಿಗಿಯಾದ ದಾರ ನೆಟ್ಟಗೆ ತಾನೇ ನಿಲ್ಲೋದು. ಉತ್ತರ ಧ್ರುವದ ಹತ್ರ ಇನ್ಯೂಯಿಟ್ ಜನ ಮಾಡ್ತಾರೆ, ಆಫ್ರಿಕಾದಲ್ಲಿದೆ, ಆಸ್ಟ್ರೇಲಿಯಾದಲ್ಲಿದೆ. ಇನ್ನೊಂದು, ಅತ್ತೆ ಹೇಳಿದ ಇಬ್ಬರ ಆಟ ಏಷ್ಯಾ ಯುರೋಪಿನ ಕಡೆ ಜಾಸ್ತಿ, ಆದ್ರೆ ಪೆಸಿಫಿಕ್ ಕಡೆ ಬಹುಪಾಲು ಒಬ್ಬರೇ ಮಾಡೋದು, ಕೈ ಸಾಲದಿದ್ರೆ ಹಲ್ಲಲ್ಲಿ ಕಚ್ಚಿ ಹಿಡಿತಾರೆ ಕಾಲ್ಬೆರಳಿಗೂ ಸಿಕ್ಕಿಸ್ತಾರೆ. ಇಲ್ಲಿಂದ ಹೋಗಿದ್ರೆ ನಮ್ಮ ರೀತಿನೇ ಹೋಗ್ಬೇಕಿತ್ತಲ್ಲ?

ಅಣ್ಣ: ಸರಿ ಅವರದೇ ಅಂತಿಟ್ಕೋ. ಆದ್ರೆ ಅದಕ್ಕೆ ಅರ್ಥ ಅಂತ ಏನಾದ್ರೂ ಇದೆಯಾ ಇಲ್ಲ ಸುಮ್ನೆ ಟೈಂಪಾಸಾ

ನಾನು: ಅರ್ಥ ಊರಿಂದ ಊರಿಗೆ ಬೇರೆ ಅಣ್ಣ. ಅದೇ ದೇಶದ ದಕ್ಷಿಣ ಕರಾವಳಿಯಲ್ಲಿ ಕಿವಾಯ್ ಜನ ಇದ್ದಾರೆ, ಅವರಲ್ಲಿ ಈ ಆಟಕ್ಕೂ ಗೆಣಸಿನಂಥ ಗಡ್ಡೆ ಬಿಡೋ ಯಾಮ್ ಬಳ್ಳಿ ಬೆಳೆಯೋದಕ್ಕೂ ನಂಟು. ಇನ್ಯೂಯಿಟ್‌ನವರಲ್ಲಿ ಕೆಲವು ಕಡೆ ಬೇಸಿಗೆಯಲ್ಲಿ ಆಡೋ ಹಂಗಿಲ್ಲ, ಸೂರ್ಯನ ಕಾಲು ದಾರಕ್ಕೆ ಸಿಕ್ಕಿಹಾಕ್ಕೊಳುತ್ತೆ ಅಂತ ನಂಬಿಕೆ. ಇದ್ಯಾವುದನ್ನೂ ತಂದು ಅವಿಯಕಾಯ್ ಜನರ ಮೇಲೆ ಹೊರಿಸೋಕಾಗಲ್ಲ, ಯಂತ್ರನೂ ಅಷ್ಟೇ. ಅವರ ಮಧ್ಯೆ ಇದ್ದು ಅವರ ಭಾಷೆ ಅಧ್ಯಯನ ಮಾಡಿದ ಡಾರ್ಯಾ ಹೊನಿಗ್ಮನ್ ಅಂತ ಒಬ್ರು 2020ರಲ್ಲಿ ಇದರ ಬಗ್ಗೆ ಒಂದು ಲೇಖನ ಬರೆದಿದ್ದಾರೆ, ಅವರು ಗಮನಿಸಿದ್ದು ದಾರದ ಚಿತ್ರ ಒಂದನ್ನೇ ಅಲ್ಲ, ಅದನ್ನ ಮಾಡ್ತಾ ಜನ ಏನು ಮಾತಾಡ್ತಾರೆ ಅನ್ನೋದನ್ನೂ

ಶೇಖರ್ ಮಾವ: ಮಾತಲ್ಲಿ ಅಂಥದ್ದೇನಿದೆ? ಫೋಟೋ ತೆಗೆದಿಟ್ರೆ ಮುಗೀತು.

ನಾನು: ಇಲ್ಲ ಮಾವ, ಅಲ್ಲೇ ಇರೋದು ವಿಷಯ!! ಫೋಟೋದಲ್ಲಿ ಸಿಗೋದು ಕೊನೆ ಆಕಾರ ಒಂದೇ, ದಾರ ಬಿಚ್ಚಿದ್ರೆ ಅದೂ ಇಲ್ಲ. 1902ರಲ್ಲೇ ರಿವರ್ಸ್, ಹ್ಯಾಡನ್ ಅಂತ ಇಬ್ರು ಮಾನವಶಾಸ್ತ್ರಜ್ಞರು ಯಾವ ಬೆರಳು ಯಾವ ಎಳೆ ಎತ್ತುತ್ತೆ ಅಂತ ಹಂತ ಹಂತವಾಗಿ ಬರೆದಿಡೋ ಕ್ರಮ ಮಾಡಿದ್ರು, ದೊಡ್ಡ ಕೆಲಸನೇ, ಆದ್ರೆ ಅದು ಬೆರಳಿನ ಲೆಕ್ಕ ಮಾತ್ರ ಹಿಡಿಯುತ್ತೆ. ಈಗ ನೀವು ಅತ್ತೆಗೆ ಫೋನಲ್ಲಿ ಹೇಳಿಕೊಡೋಕೆ ನೋಡಿ, ಕಿರುಬೆರಳಿನ ಕುಣಿಕೆ ಕೆಳಗಿಂದ ಹೆಬ್ಬೆರಳು ತೂರಿಸು, ಆಚೆ ಎಳೆ ಬಿಡು ಈಚೆದು ಹಿಡ್ಕೊ ಅಂತ, ಇಂಥ ಮಾತು ಬೇರೆ ಯಾವಾಗ ಆಡ್ತೀವಿ? ಅಲ್ಲೂ ಹಂಗೇ, ಆಟದ ಹೊತ್ತಲ್ಲಿ ಬರೋ ಮಾತು ಬೇರೆ ಹೊತ್ತಲ್ಲಿ ಬರಲ್ಲ. ಅದರ ಜೊತೆಗೆ ಆ ದೇಶದ ತುಂಬ ಆಡೋ ಟೋಕ್ ಪಿಸಿನ್ ಅನ್ನೋ ದೊಡ್ಡ ಭಾಷೆ ಪಕ್ಕದಲ್ಲೇ ಇದೆ, ಆ ಚಿಕ್ಕ ಊರಲ್ಲಿ ಆಟ ನಿಂತ್ರೆ ಆ ಮಾತೂ ಹೋಯ್ತು

ವೀಣತ್ತೆ: ಅದು ನಿಜ. ವಿಡಿಯೋಲಿ ಹಿಂದ್ಗಡೆ ಎಲ್ಲರೂ ಏನೋ ಹೇಳ್ತಾನೇ ಇದ್ದಾರೆ, ಯಾರೋ ಸೌಂಡ್ ತೆಗೆದು ಮ್ಯೂಸಿಕ್ ಹಾಕಿಲ್ವಲ್ಲ ಪುಣ್ಯ

ಶೇಖರ್ ಮಾವ: ಯಂತ್ರದ ಸಾಲು ತೆಗೀತೀನಿ. ಆದ್ರೆ ಮನುಷ್ಯರ ವಿದ್ಯೆಗೆಲ್ಲ ಮೂಲ ಒಂದೇ ಅನ್ನೋದು ನಾನು ಬಿಡಲ್ಲ.

ನಾನು: ಅದನ್ನ ಬಿಡಿ ಅಂತ ಹೇಳ್ತಿಲ್ಲ ಮಾವ. ಕಳಿಸೋವಾಗ ಕಂಜಿಮೆಯ್ ಊರಿನ ಹೆಸರು ಹಾಕಿ, ಸೌಂಡ್ ಮಾತ್ರ ಕಟ್ ಮಾಡ್ಬೇಡಿ