30 ಸಿಸಿ ಪೆಟ್ರೋಲ್ ವಿಮಾನಕ್ಕೆ ಎಷ್ಟು ದೊಡ್ಡ ಟ್ಯಾಂಕ್? ಹಾರಿಸಿದವರು ಹೇಳಿ

ಕೇಳಿದವರು, ತುಮಕೂರು:
ಎಲ್ಲರಿಗೂ ನಮಸ್ಕಾರ. ರಿಮೋಟ್ ಹಿಡಿದು ಹಾರಿಸುವ ಮಾದರಿ ವಿಮಾನದ ಹವ್ಯಾಸ ನನ್ನದು. ನಾಲ್ಕು ವರ್ಷ ಗ್ಲೋ ಇಂಜಿನ್ (ಮೆಥನಾಲ್ ಉರಿಸುವ ಚಿಕ್ಕ ಇಂಜಿನ್) ವಿಮಾನ ಹಾರಿಸಿದ್ದೇನೆ. ಈಗ ಮೊದಲ ಸಲ ಪೆಟ್ರೋಲಿಗೆ ಬರುತ್ತಿದ್ದೇನೆ. 30 ಸಿಸಿ ಟೂ ಸ್ಟ್ರೋಕ್ ಇಂಜಿನ್, ರೆಕ್ಕೆ ತುದಿಯಿಂದ ತುದಿಗೆ ಸುಮಾರು 2 ಮೀಟರ್, ಪೆಟ್ರೋಲ್ ಇಲ್ಲದೆ ತೂಕ 6 ಕೆ.ಜಿ. ಕಿಟ್ ಜೊತೆ 400 ಮಿ.ಲೀ. ಟ್ಯಾಂಕ್ ಬಂದಿದೆ. ಮೈದಾನದಲ್ಲಿ ಒಬ್ಬರು "ಇದು ಸಾಲಲ್ಲ, 700 ಹಾಕು" ಅಂದರು. ಇನ್ನೊಬ್ಬರು "300 ಆದರೂ ನಡೆಯುತ್ತದೆ" ಅಂದರು. 8–10 ನಿಮಿಷ ಹಾರಿದರೆ ನನಗೆ ಸಾಕು. ಲೂಪ್, ರೋಲ್ ಅಷ್ಟೆ, ದೊಡ್ಡ ಸರ್ಕಸ್ ಏನೂ ಇಲ್ಲ. ಯಾರ ಮಾತು ಕೇಳಲಿ?

ಬೆಂಗಳೂರಿನಿಂದ:
400 ಸಾಕು ಸರ್. ಗ್ಲೋ ಲೆಕ್ಕ ಮರೆತುಬಿಡಿ. 1 ಗ್ರಾಂ ಮೆಥನಾಲ್ ಉರಿಯಲು 6.4 ಗ್ರಾಂ ಗಾಳಿ ಸಾಕು, ಪೆಟ್ರೋಲಿಗೆ 14.7 ಗ್ರಾಂ ಬೇಕು. ಅಂದರೆ ಅಷ್ಟೇ ಗಾಳಿ ಎಳೆದುಕೊಂಡರೂ ಗ್ಲೋ ಎರಡು ಪಟ್ಟಿಗಿಂತ ಜಾಸ್ತಿ ಕುಡಿಯುತ್ತದೆ. ಒಂದು 10 ಸಿಸಿ ಗ್ಲೋ ಎಷ್ಟು ಕುಡಿಯುತ್ತದೋ, ಹೆಚ್ಚುಕಡಿಮೆ ಅಷ್ಟನ್ನೇ ಈ 30 ಸಿಸಿ ಕುಡಿಯುತ್ತದೆ. 700 ಅಂದವರು ಬಹುಶಃ ಗ್ಲೋ ಕಾಲದವರು!

ಮೈಸೂರಿನಿಂದ, ಸ್ವಲ್ಪ ಉದ್ದ ಆಯಿತು, ಕ್ಷಮಿಸಿ:
ಇಂಜಿನ್ ಸಿಸಿ ನೋಡಿ ಟ್ಯಾಂಕ್ ಆರಿಸುವುದು ಅಂದಾಜಿಗೆ ಸರಿ. ನನ್ನ ಅನುಭವದಲ್ಲಿ 20 ಸಿಸಿಗೆ 250–350, 30 ಸಿಸಿಗೆ 350–475, 55 ಸಿಸಿಗೆ 500–700 ಮಿ.ಲೀ. ಸರಿಹೋಗುತ್ತದೆ. ವಿದೇಶಿ ಟ್ಯಾಂಕ್ ಮೇಲೆ ಔನ್ಸ್ ಬರೆದಿರುತ್ತಾರೆ, ಒಂದು ಔನ್ಸ್ ಅಂದರೆ ಸುಮಾರು 30 ಮಿ.ಲೀ. ಆದರೆ ಅದೇ ಇಂಜಿನ್, ಬೇರೆ ಪ್ರೊಪೆಲ್ಲರ್, ಬೇರೆ ಕೈ, ಕುಡಿಯುವುದೂ ಬೇರೆ. ನನ್ನ ಗೆಳೆಯ ಥ್ರಾಟಲ್ ಪೂರ್ತಿ ಮೇಲಿಟ್ಟುಕೊಂಡೇ ಹಾರಿಸುವ ಆಸಾಮಿ. ನನಗೆ 10 ನಿಮಿಷ ಬರುವುದು ಅವನಿಗೆ ಏಳಕ್ಕೇ ಮುಗಿಯುತ್ತದೆ.

ಹಾಗಾಗಿ ಅಳೆಯಿರಿ. ದೊಡ್ಡ ಸಿರಿಂಜಿನಲ್ಲಿ ಅಳತೆ ಮಾಡಿ 400 ತುಂಬಿಸಿ. ಟೈಮರ್ 6 ನಿಮಿಷಕ್ಕೆ ಇಟ್ಟು, ನಿಮ್ಮ ಮಾಮೂಲಿ ಶೈಲಿಯಲ್ಲೇ ಹಾರಿಸಿ. ಇಳಿಸಿದ ಮೇಲೆ ಉಳಿದದ್ದನ್ನು ಅದೇ ಸಿರಿಂಜಿನಲ್ಲಿ ಎಳೆದು ನೋಡಿ. 260 ಉಳಿದಿದ್ದರೆ 140 ಖರ್ಚು, ನಿಮಿಷಕ್ಕೆ 23 ಚಿಲ್ಲರೆ. ಹತ್ತು ನಿಮಿಷಕ್ಕೆ 235. ಅದರ ಮೇಲೆ ಮೂರನೇ ಒಂದು ಭಾಗ ಉಳಿಕೆ ಇಟ್ಟುಕೊಳ್ಳಿ. 310–320 ಆಯಿತು. ನಿಮ್ಮ 400 ಆರಾಮಾಗಿ ಸಾಕು ಅಲ್ವಾ?

ಉಳಿಕೆ ಯಾಕೆ ಅಂತ ನಾನು ಕಲಿತದ್ದು ದುಬಾರಿಯಾಗಿ. 20 ಸಿಸಿ ವಿಮಾನಕ್ಕೆ ತೂಕ ಉಳಿಸುವ ಹುಚ್ಚಿನಲ್ಲಿ 200 ಮಿ.ಲೀ. ಟ್ಯಾಂಕ್ ಹಾಕಿದ್ದೆ. ಒಂದು ಸಂಜೆ ಇಳಿಸಲು ಬರುತ್ತಿದ್ದೇನೆ, ಎಲ್ಲಿಂದಲೋ ಎರಡು ಎಮ್ಮೆ ರನ್‌ವೇ ಮಧ್ಯಕ್ಕೆ ಬಂದು ನಿಂತವು. ಮತ್ತೆ ಮೇಲೆತ್ತಿ ಒಂದು ಸುತ್ತು ಹಾಕಿದೆ. ಎಮ್ಮೆಗಳಿಗೆ ಯಾವ ಅವಸರವೂ ಇರಲಿಲ್ಲ. ಎರಡನೇ ಸುತ್ತಿನಲ್ಲಿ ಇಂಜಿನ್ ನಿಂತಿತು. ವಿಮಾನ ಪಕ್ಕದ ರಾಗಿ ಹೊಲಕ್ಕೆ ಹೋಯಿತು, ಲ್ಯಾಂಡಿಂಗ್ ಗೇರ್ ಕಿತ್ತು ಬಂತು. ಹೊಲದವರ ಹತ್ತಿರ ಕೇಳಿದ ಮಾತು ಇಲ್ಲಿ ಬರೆಯುವಂಥದ್ದಲ್ಲ.

ಇನ್ನೊಂದು, ಟ್ಯಾಂಕಿನ ತಳದ ಕೊನೆಯ ಸ್ವಲ್ಪ ಪೆಟ್ರೋಲನ್ನು ಲೆಕ್ಕಕ್ಕೆ ಹಿಡಿಯಬೇಡಿ. ವಿಮಾನ ಮೂಗು ಕೆಳಗೆ ಮಾಡಿದಾಗ ಪೆಟ್ರೋಲ್ ಮುಂದಕ್ಕೆ ಹರಿಯುತ್ತದೆ, ಕ್ಲಂಕ್ (ಟ್ಯಾಂಕಿನೊಳಗೆ ಪೆಟ್ರೋಲ್ ಎಳೆಯುವ ಪೈಪಿನ ತುದಿಯ ಭಾರದ ತುಂಡು) ಹಿಂದೆ ಉಳಿದು ಗಾಳಿ ಎಳೆಯುತ್ತದೆ.

ಹುಬ್ಬಳ್ಳಿಯಿಂದ:
ಅಳತೆ ಸರಿ, ಆದರೆ ಜಾಗದ ಮಾತು ಯಾರೂ ಎತ್ತಲಿಲ್ಲವಲ್ಲ! ಗ್ಲೋದಲ್ಲಿ ಟ್ಯಾಂಕ್ ಇಂಜಿನ್ ಹಿಂದೆಯೇ, ಕಾರ್ಬೊರೇಟರ್ ಎತ್ತರಕ್ಕೇ ಇರಬೇಕಿತ್ತು. ಪೆಟ್ರೋಲ್ ಇಂಜಿನ್ನಿನ ಕಾರ್ಬೊರೇಟರ್ ಒಳಗೇ ಡಯಾಫ್ರಾಮ್ ಪಂಪ್ ಇದೆ. ಕ್ರ್ಯಾಂಕ್‌ಕೇಸಿನ ಒತ್ತಡ ಏರಿಳಿದಂತೆ ಆ ಪೊರೆ ಬಡಿದು ಪೆಟ್ರೋಲ್ ಎಳೆದುಕೊಳ್ಳುತ್ತದೆ. ಹಾಗಾಗಿ ಟ್ಯಾಂಕನ್ನು ಹಿಂದಕ್ಕೆ ತಂದು ಎರಡು ರೆಕ್ಕೆ ಜೋಡಿಸುವ ಟ್ಯೂಬ್ ಹತ್ತಿರ, ಅಂದರೆ ತೂಕ ಸಮವಾಗುವ ಬಿಂದುವಿನ ಮೇಲೆಯೇ ಇಡಿ.

ಲೆಕ್ಕ ನೋಡಿ. 1 ಲೀಟರ್ ಪೆಟ್ರೋಲ್ ಸುಮಾರು 740 ಗ್ರಾಂ. 400 ಮಿ.ಲೀ. ಅಂದರೆ 300 ಗ್ರಾಂ. ಅದು ಸಮತೋಲದ ಬಿಂದುವಿನಿಂದ 20 ಸೆಂ.ಮೀ. ಮುಂದಿದ್ದರೆ ನಿಮ್ಮ 6 ಕೆ.ಜಿ. ವಿಮಾನದ ಬಿಂದು ಸುಮಾರು 1 ಸೆಂ.ಮೀ. ಮುಂದೆ ಸರಿಯುತ್ತದೆ. ಅಲ್ಲೇ 700 ಇಟ್ಟರೆ 1.6 ಸೆಂ.ಮೀ. ಹಾರುವಾಗ ಮೂಗು ಭಾರ, ಇಳಿಯುವಾಗ ಬೇರೆಯದೇ ವಿಮಾನ. ಬಿಂದುವಿನ ಮೇಲಿಟ್ಟರೆ ಈ ತಲೆನೋವೇ ಇಲ್ಲ. ಹಾಗೆ ಇಡುವುದಾದರೆ 700 ಹಾಕಿ ಅರ್ಧ ತುಂಬಿಸಿಕೊಂಡರೂ ನಾನು ತಪ್ಪು ಅನ್ನಲ್ಲ.

ಮೈಸೂರಿನಿಂದ ಮತ್ತೆ:
ಇಡುವ ಜಾಗ ಸರಿ, ಅರ್ಧ ತುಂಬಿಸುವುದು ನಾನು ಒಪ್ಪಲ್ಲ. ಅರ್ಧ ಖಾಲಿ ದೊಡ್ಡ ಟ್ಯಾಂಕಿನಲ್ಲಿ ಪೆಟ್ರೋಲ್ ಅತ್ತಿತ್ತ ಓಲಾಡುತ್ತದೆ. ಅಲ್ಲದೆ, ಟ್ಯಾಂಕ್ ದೊಡ್ಡದಿದ್ದರೆ ಕೈ ಸುಮ್ನೆ ಇರಲ್ಲ, ತುಂಬಿಸಿಯೇ ತುಂಬಿಸುತ್ತದೆ.

ಶಿರಸಿ ಕಡೆಯಿಂದ:
ನಮ್ಮ ಅಡಿಕೆ ತೋಟದ ಕಳೆ ಕೊಚ್ಚುವ ಮಿಷಿನ್ನಿನ ಕಾರ್ಬೊರೇಟರೂ ಇದೇ ಜಾತಿಯದು. ಅದನ್ನು ಬಿಚ್ಚಿ ಜೋಡಿಸಿ ಕೈ ಪಳಗಿದ್ದರಿಂದ ಹೇಳುತ್ತೇನೆ. ಟ್ಯಾಂಕಿಗಿಂತ ಜಾಸ್ತಿ ಕೈ ಕೊಡುವುದು ಪೈಪು. ಗ್ಲೋದ ಸಿಲಿಕೋನ್ ಟ್ಯೂಬ್ ಪೆಟ್ರೋಲಿಗೆ ಬೇಡವೇ ಬೇಡ, ಉಬ್ಬಿ ಕಳಚಿಕೊಳ್ಳುತ್ತದೆ. ಪೆಟ್ರೋಲ್ ತಡೆಯುವ ಟೈಗಾನ್ ಅಥವಾ ವೈಟಾನ್ ಟ್ಯೂಬ್ ಹಾಕಿ. ಟ್ಯಾಂಕಿನ ಬಾಯಿಯ ಬಿರಡೆಯೂ ಪೆಟ್ರೋಲಿಗೆಂದೇ ಮಾಡಿದ್ದಾಗಿರಲಿ. ಈಗ ಬಂಕಿನಲ್ಲಿ ಸಿಗುವುದು ನೂರಕ್ಕೆ 20 ಎಥನಾಲ್ ಬೆರೆಸಿದ ಪೆಟ್ರೋಲ್. ಅದು ತೇವ ಹೀರುತ್ತದೆ, ಡಯಾಫ್ರಾಮ್ ಬಿರುಸಾಗುತ್ತದೆ. ಸಂಜೆ ಟ್ಯಾಂಕ್ ಖಾಲಿ ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ. ಪೆಟ್ರೋಲಿಗೆ ಬೆರೆಸುವ 2ಟಿ (ಟೂ ಸ್ಟ್ರೋಕ್) ಎಣ್ಣೆ ನಾನು 30ಕ್ಕೆ 1, ಅಂದರೆ ಲೀಟರಿಗೆ 33 ಮಿ.ಲೀ. ಹಾಕುತ್ತೇನೆ. ನೀವು ನಿಮ್ಮ ಇಂಜಿನ್ ಪುಸ್ತಕ ಹೇಳಿದಷ್ಟು ಹಾಕಿ.

ಗಾಳಿ ಪೈಪನ್ನು ಟ್ಯಾಂಕಿನ ಮೇಲೊಂದು ಸುತ್ತು ಹಾಕಿಸಿ ಆಮೇಲೆ ಹೊಟ್ಟೆಯ ಕೆಳಗೆ ಬಿಡಿ. ಇಲ್ಲದಿದ್ದರೆ ಕಾರಿನ ಡಿಕ್ಕಿ ತುಂಬಾ ಪೆಟ್ರೋಲ್ ವಾಸನೆ. ಮನೆಯವರು ಬೈದರೆ ನಾನು ಜವಾಬ್ದಾರಿ ಅಲ್ಲ.

ಬೆಂಗಳೂರಿನಿಂದ, ಇನ್ನೊಬ್ಬರು:
ದೊಡ್ಡ ಟ್ಯಾಂಕ್ ಬೇಕಾಗುವ ಸಂದರ್ಭವೂ ಇದೆ. ನಾನು 55 ಸಿಸಿ ವಿಮಾನಕ್ಕೆ ಹಗ್ಗ ಕಟ್ಟಿ, ಇಂಜಿನ್ ಇಲ್ಲದ ಗ್ಲೈಡರ್‌ಗಳನ್ನು ಮೇಲಕ್ಕೆ ಎಳೆಯುತ್ತೇನೆ. ಒಂದು ಎಳೆತಕ್ಕೆ ಎರಡು ಮೂರು ನಿಮಿಷ ಪೂರ್ತಿ ಥ್ರಾಟಲ್. ಸಾಲಾಗಿ ಐದಾರು ಗ್ಲೈಡರ್ ಕಾಯುತ್ತಿರುತ್ತವೆ. ಅದಕ್ಕೇ ನನ್ನದು 950 ಮಿ.ಲೀ. ನಿಮಗೆ ಅದು ಬೇಡ.

ಕೇಳಿದವರು, ಎರಡು ವಾರದ ನಂತರ:
ಎಲ್ಲರಿಗೂ ಥ್ಯಾಂಕ್ಸ್. 400ನ್ನೇ ಉಳಿಸಿಕೊಂಡು ರೆಕ್ಕೆ ಟ್ಯೂಬಿನ ಮೇಲಕ್ಕೆ ತಂದೆ. ಕೆಳಗೆ ಫೋಮ್, ಮೇಲೆ ವೆಲ್ಕ್ರೋ ಪಟ್ಟಿ. 6 ನಿಮಿಷ ಹಾರಿಸಿ ಅಳೆದೆ, 126 ಖರ್ಚು, ನಿಮಿಷಕ್ಕೆ 21. ಟೈಮರ್ 10ಕ್ಕೆ ಇಟ್ಟಿದ್ದೇನೆ. ಟ್ರಿಮ್ (ವಿಮಾನ ನೇರ ಹಾರಲು ರಿಮೋಟಿನಲ್ಲಿ ಮಾಡುವ ಸಣ್ಣ ಹೊಂದಾಣಿಕೆ) ಮೊದಲಿಂದ ಕೊನೆವರೆಗೆ ಬದಲಿಸಬೇಕಾಗಲಿಲ್ಲ. ಗ್ಲೋದ ಅಭ್ಯಾಸಬಲದಿಂದ ಸೈಲೆನ್ಸರ್‌ನಿಂದ ಟ್ಯಾಂಕಿಗೆ ಒತ್ತಡದ ಪೈಪ್ ಎಳೆಯಲು ಹೊರಟಿದ್ದೆ, ಪಂಪ್ ಇರುವಾಗ ಅದು ಬೇಡ ಅಂತ ಪಕ್ಕದವರು ನಕ್ಕು ನಿಲ್ಲಿಸಿದರು.

ಶಿರಸಿಯವರ ಮಾತು ಪರೀಕ್ಷೆ ಮಾಡೋಣ ಅಂತ ಹಳೆಯ ಸಿಲಿಕೋನ್ ಟ್ಯೂಬಿನ ಒಂದು ತುಂಡನ್ನು ರಾತ್ರಿ ಪೆಟ್ರೋಲಿನಲ್ಲಿ ಹಾಕಿಟ್ಟೆ. ಬೆಳಿಗ್ಗೆ ನೋಡಿದರೆ ಹುರುಳಿಕಾಯಿ ಹೋಗಿ ನುಗ್ಗೆಕಾಯಿ ಆಗಿತ್ತು.